ನಿಝಾರ್ ಎಳೆದ ವಯರು

ಜುಲೈ 1, ಮಂಗಳವಾರ

ಇವತ್ತೂ ಪೇಪರ್ ಒದ್ದೆಯಾಗಿ ಬಂತು. ಹೊರಗಿನ ಹಾಳೆಗಳನ್ನು ವಾಚನಾಲಯದ ಉದ್ದ ಬೆಂಚಿನ ಮೇಲೆ ಫ್ಯಾನಿನಡಿ ಹರಡಿದೆ. ಬಾಗಿಲು ತೆರೆದ ಕೂಡಲೇ ನಾಲ್ಕನೇ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಒತ್ತಿದ್ದು — ಊಟಕ್ಕೆ ಎದ್ದಾಗಲೂ ಕಾಲುಭಾಗ ದಾಟಿರಲಿಲ್ಲ. ಊಟ ಮಾಡಿ ಬಂದು ನೋಡಿದರೆ ಅರ್ಧದಲ್ಲಿ ನಿಂತಿದೆ. ವಿಫಲ. ಮತ್ತೆ ಮೊದಲಿನಿಂದ.

ಹಳೆಯ ಟೆಲಿಫೋನ್ ಲೈನ್ ಇದ್ದಾಗ ಎಲ್ಲವೂ ನಿಧಾನ. ಹಾಗಾಗಿ ಇದೊಂದು ನಿಧಾನ ಎಂದು ಬೇರೆಯಾಗಿ ಕಾಣುತ್ತಿರಲಿಲ್ಲ. ಮೇ ತಿಂಗಳಲ್ಲಿ, ಊರಲ್ಲಿ ನೆಟ್ ಲೈನ್ ಕೊಡುವ ನಿಝಾರ್ ಫೈಬರ್ ಎಳೆದುಕೊಟ್ಟ ಮೇಲೆ ಸರಿಯಾಗಬೇಕಿತ್ತು. ನೂರರ ವೇಗ ಎಂದು ಹೇಳಿಯೇ ಕೊಟ್ಟದ್ದು. ಎಲ್ಲಿ ನೂರು?

ವಾಚನಾಲಯದ ಟ್ರಸ್ಟಿನವರು ನನ್ನನ್ನೇ ಕೇಳುವುದು. ವಿಂಡೋಸ್ ತೆಗೆದು ಲಿನಕ್ಸ್ ಹಾಕುವ ಎಂದವಳು ನಾನು. ಉಜಿರೆಯ ಒಂದು ಕಾಲೇಜಿನವರು ಮೂಲೆಗೆ ಹಾಕಿದ್ದ ಎಂಟು ಕಂಪ್ಯೂಟರ್. ಅವು ವಿಂಡೋಸ್‌ನಲ್ಲಿ ಎದ್ದು ಕೂರುವಷ್ಟರಲ್ಲಿ ಸಂಪಾದಕೀಯ ಓದಿ ಮುಗಿಸಬಹುದಿತ್ತು. ಮನೆಯ ನನ್ನ ಕಂಪ್ಯೂಟರಿನಲ್ಲಿ ಇದ್ದ ಲಿನಕ್ಸನ್ನು ಹಾಗೆಯೇ ನಕಲು ತೆಗೆದು ಎಂಟಕ್ಕೂ ಹಾಕಿದೆ. ಓಡಿದವು. ಪರೀಕ್ಷೆಗೆ ಓದುವ ಹುಡುಗಿಯರು ಅರ್ಜಿ ತುಂಬಲು ಮಂಗಳೂರಿಗೆ ಹೋಗುವುದು ನಿಂತಿತು. ವಾರ್ಷಿಕ ಸಭೆಯಲ್ಲಿ ಅಧ್ಯಕ್ಷ ರವಿರಾಜಣ್ಣ ನನ್ನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ಅದರ ಸದ್ದು ಈಗಲೂ ಕಿವಿಯಲ್ಲಿದೆ.

ಜುಲೈ 4, ಶುಕ್ರವಾರ

ಕೇಬಲ್ ಬದಲಿಸಿದೆ. ಇಲ್ಲ. ಮೋಡೆಮ್ ಆಫ್ ಮಾಡಿ ಆನ್ ಮಾಡಿದೆ. ಇಲ್ಲ. ಉಳಿದ ಏಳನ್ನೂ ಆರಿಸಿ ಒಂದನ್ನೇ ಬಿಟ್ಟೆ — ಅದೇ ನಡಿಗೆ.

ಇವತ್ತಿನಿಂದ ಅಳೆದು ಬರೆದಿಡುವುದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ — ಅಪ್‌ಡೇಟ್ ಬರುವ ವೇಗ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಪೇಪರ್ ಏಜೆನ್ಸಿ ಇತ್ತು. ಬಂಡಲ್ ಬಿಚ್ಚುತ್ತಾ, ಎಲ್ಲ ಪೇಪರ್ ಓದುತ್ತಾ ಬೆಳೆದವಳು ನಾನು. ಯಾವಾಗ, ಎಲ್ಲಿ, ಎಷ್ಟು ಎಂದು ಗೊತ್ತಿಲ್ಲದೆ ಯಾರ ಮೇಲೂ ದೂರು ಹೇಳಬಾರದು.

ಜುಲೈ 9, ಬುಧವಾರ

ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ನಿಝಾರ್ ಬಂದರು. ಓಮ್ನಿಯ ಮೇಲೆ ಏಣಿ. ಮೊಬೈಲಿನಲ್ಲಿ ವೇಗ ಅಳೆದು ತೋರಿಸಿದರು.

"ನೋಡಿ ಅಕ್ಕ. ತೊಂಬತ್ತನಾಲ್ಕು. ನಿಮ್ಮದೇ ಮೋಡೆಮಿನಿಂದ."

"ನಿಮ್ಮ ಮೊಬೈಲಿಗೆ ಬಂದ್ರೆ ನಮಗೆ ಎಂತ ಪ್ರಯೋಜನ? ನಮ್ಮ ಕಂಪ್ಯೂಟರಿಗೆ ಬರ್ಬೇಕಲ್ಲ."

"ಕಂಪ್ಯೂಟರಿನಲ್ಲೇ ಒಂದು ವಿಡಿಯೊ ಹಾಕಿ ನೋಡುವ." ಹಾಕಿದರು. ಓಡಿತು. "ಓಡ್ತದಲ್ಲ ಅಕ್ಕ, ಚಂದ ಮಾಡಿ!"

"ವಿಡಿಯೊ ಓಡಿಸ್ಲಿಕ್ಕೆ ಇದು ಟಾಕೀಸಾ ನಿಝಾರ್? ಅಪ್‌ಡೇಟ್ ನೋಡಿ."

ನೋಡಿದರು. ಕೆಳಗೆ ಬಗ್ಗಿ ವಯರು ನೋಡಿದರು, ಹೊರಗೆ ಹೋಗಿ ಕಂಬ ಹತ್ತಿ ಜಾಯಿಂಟ್ ಬಿಚ್ಚಿ ಹೊಸದಾಗಿ ಹಾಕಿದರು. ಮಳೆ ಹನಿಯುತ್ತಿತ್ತು. ಇಳಿದು ಬಂದು ಮತ್ತೆ ನೋಡಿದರು. ಅಷ್ಟೇ ವೇಗ.

"ಅಕ್ಕ, ಬೇಜಾರು ಮಾಡ್ಬೇಡಿ. ಈ ಲಿನಕ್ಸ್‌ನಲ್ಲೇ ಎಂತಾದ್ರೂ ಇರ್ಬೌದಾ? ನನಗೆ ಅದರ ತಲೆಬುಡ ಗೊತ್ತಿಲ್ಲ. ನಾನು ಕಂಬ ಹತ್ತುವ ಜನ."

ಆಚೆ ಮೇಜಿನಲ್ಲಿ ಹುಡುಗಿಯರು ತಲೆಯೆತ್ತಿದರು.

"ಲಿನಕ್ಸ್‌ನಲ್ಲಿ ಏನೂ ಇಲ್ಲ," ಅಂದೆ. "ಅದನ್ನು ಹಾಕಿದ್ದು ನಾನು."

ನಿಝಾರ್ ಏಣಿಯನ್ನು ಓಮ್ನಿಯ ಮೇಲೆ ಕಟ್ಟಿ ಬಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ರಾಫಿಯಾ ಕೇಳ್ತಿದ್ಳು — ನಿಮ್ಮ ಪರ್ವಕ್ಕೆ ಬ್ಲೌಸ್ ಹೊಲಿಸುದು ಉಂಟಲ್ಲ, ಅಳತೆ ಬ್ಲೌಸ್ ಕೊಟ್ಟು ಕಳಿಸಿ ಅಂತ." ರಾಫಿಯಾ ಅವರ ಹೆಂಡತಿ, ತೋಡಾರಿನ ಮನೆಯಲ್ಲೇ ಹೊಲಿಗೆ. ಆರು ವರ್ಷದಿಂದ ನನ್ನ ಬ್ಲೌಸೆಲ್ಲ ಅವಳ ಕೈಯದ್ದೇ. ನಿಝಾರ್ ಕೈಯಲ್ಲೇ ಬಟ್ಟೆಯನ್ನೂ ಅಳತೆಯನ್ನೂ ಕಳಿಸಿದೆ.

ಜುಲೈ 19, ಶನಿವಾರ

ಪ್ರಾಪ್ತಿ ಎಂಬ ಹುಡುಗಿ ಬ್ಯಾಂಕ್ ಪರೀಕ್ಷೆಗೆ ಅರ್ಜಿ ತುಂಬುತ್ತಿದ್ದಳು. ಅರ್ಧ ಬಂದು ನಿಂತ ಅಪ್‌ಡೇಟಿನಿಂದ ಕಂಪ್ಯೂಟರ್ ಗಟ್ಟಿಯಾಗಿ ನಿಂತೇ ಬಿಟ್ಟಿತು. ತುಂಬಿದ್ದೆಲ್ಲ ಹೋಯಿತು. ಅಳಲಿಲ್ಲ ಪಾಪ, ಬೇರೆ ಕಂಪ್ಯೂಟರಿಗೆ ಹೋಗಿ ಕೂತಳು.

ರವಿರಾಜಣ್ಣ ಅದೇ ಹೊತ್ತಿಗೆ ಪೇಪರ್ ಓದಲು ಬಂದಿದ್ದರು. ಕನ್ನಡಕದ ಮೇಲಿಂದ ನೋಡಿ, "ಎಂತ ಮತಿ, ನಿನ್ನ ಲಿನಕ್ಸ್ ಮಲಗಿತಾ?"

"ಲಿನಕ್ಸ್ ಅಲ್ಲ ಅಣ್ಣ. ನೆಟ್."

"ನೆಟ್ ನನ್ನ ಮನೆಯಲ್ಲಿ ಸರಿ ಉಂಟಲ್ಲ ಮಾರಾಯ್ತಿ."

"ನೀವು ಮೊಬೈಲಿನಲ್ಲಿ ಪೇಪರ್ ಓದುವವರು. ಅದಕ್ಕೆ ಎಷ್ಟು ಬೇಕು? ನನ್ನ ಹತ್ತಿರ ಎರಡು ವಾರದ ಲೆಕ್ಕ ಉಂಟು."

ಸಂಜೆ ಬೀದಿಯ ಗ್ರೂಪಿನಲ್ಲಿ ಹಾಕಿದೆ. ಟ್ರಸ್ಟಿನವರು, ಬೀದಿಯ ಮನೆಯವರು ಎಲ್ಲ ಅದರಲ್ಲಿ ಇದ್ದಾರೆ. ಎಲ್ಲರಿಗೂ ನಿಝಾರ್ ಅವರದ್ದೇ ಲೈನ್. ನಿಝಾರ್ ಕೂಡ ಇದ್ದಾರೆ. ಅಳತೆಗಳನ್ನು ದಿನಾಂಕ ಸಮೇತ ಬರೆದು, ಕೊನೆಗೆ: "ನೂರು ಎಂದು ಹೇಳಿ ಇಷ್ಟು ಕೊಡುವುದಕ್ಕೆ ವಂಚನೆ ಎನ್ನದೆ ಬೇರೆ ಪದ ನನಗೆ ಗೊತ್ತಿಲ್ಲ."

ಎರಡು ಸಲ ಓದಿದೆ. ವಾಕ್ಯ ಚೆನ್ನಾಗಿ ಬಂದಿತ್ತು.

ಜುಲೈ 20, ಭಾನುವಾರ

ಹೆಬ್ಬೆರಳುಗಳ ಸಾಲು. 'ನಮ್ಮಲ್ಲೂ ಹಾಗೆಯೇ.' 'ನಾನು ಆಗಲೇ ಅಂದುಕೊಂಡಿದ್ದೆ.' ನಿನ್ನೆಯವರೆಗೆ ಇವರಲ್ಲಿ ಒಬ್ಬರೂ ದೂರು ಹೇಳಿದವರಲ್ಲ.

ನಿಝಾರ್ ಬರೆದದ್ದು: 'ಅಕ್ಕ ನಾನು ಮೋಸ ಮಾಡಿಲ್ಲ. ಇನ್ನೊಮ್ಮೆ ಬಂದು ನೋಡ್ತೇನೆ.'

ಅದರ ಕೆಳಗೆ ಇಬ್ಬರು ಬರೆದದ್ದು ವೇಗದ ಬಗ್ಗೆ ಅಲ್ಲ. ಅವರ ಜನದ ಬಗ್ಗೆ. ಇಲ್ಲಿ ಆ ಮಾತನ್ನು ಎತ್ತಿ ಬರೆಯುವುದಿಲ್ಲ. ಓದಿದೆ. ಅದಲ್ಲ ವಿಷಯ ಎಂದು ಒಂದು ಸಾಲು ಹಾಕಬೇಕು ಅನಿಸಿತು. ಅಷ್ಟರಲ್ಲಿ ಕುಕ್ಕರ್ ಕೂಗಿತು — ಎದ್ದು ಹೋದೆ. ಕುಕ್ಕರ್ ಆರಿಸಿ ಬಂದ ಮೇಲೂ ಹಾಕಲಿಲ್ಲ.

ಮಧ್ಯಾಹ್ನ ನಿಝಾರ್ ಗ್ರೂಪ್ ಬಿಟ್ಟರು.

ಜುಲೈ 29, ಮಂಗಳವಾರ

ಕಳೆದ ವಾರ ಕಮಿಟಿ ತೀರ್ಮಾನ ಮಾಡಿತು. ಪೇಟೆಯ ದೊಡ್ಡ ಕಂಪನಿಯೊಂದರ ಲೈನ್ ತೆಗೆದುಕೊಳ್ಳುವುದು. ವಾಚನಾಲಯ ಬಿಡುವುದನ್ನು ನೋಡಿ ಬೀದಿಯ ಮನೆಯವರೂ ಒಬ್ಬೊಬ್ಬರಾಗಿ ನಿಝಾರ್ ಲೈನ್ ಬೇಡ ಎಂದರು. ನಿಝಾರ್ ಇವತ್ತು ವಯರು ಇಳಿಸಲು ಬಂದರು.

ಕಿಟಕಿಯಿಂದ ಕಾಣುತ್ತಿತ್ತು. ಕಂಬದಿಂದ ಕಂಬಕ್ಕೆ ಏಣಿ ಇಟ್ಟು, ಬಿಚ್ಚಿ, ಅಂಗೈಗೂ ಮೊಣಕೈಗೂ ಸುತ್ತಿಕೊಳ್ಳುತ್ತಾ ಬಂದರು. ಕಾಂತಿಯಕ್ಕನ ಮನೆಯ ಮಾವಿನ ಕೊಂಬೆಗೆ ಸಿಕ್ಕಿದ್ದನ್ನು ಎಳೆಯಲಿಲ್ಲ, ಹತ್ತಿ ಬಿಡಿಸಿದರು. ಕೊನೆಗೆ ಒಳಗೆ ಬಂದು, "ಮೋಡೆಮ್ ಕೊಡಿ ಅಕ್ಕ."

ಕೊಟ್ಟೆ. ಅದರ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿ ಚೀಲಕ್ಕೆ ಹಾಕಿದರು.

"ಬ್ಲೌಸ್ ಆಗ್ತಾ ಉಂಟು," ಅಂದರು. ಅಷ್ಟೇ.

ಆಗಸ್ಟ್ 2, ಶನಿವಾರ

ನಮ್ಮ ಯಜಮಾನರು ಬೆಳ್ತಂಗಡಿಯ ಅಂಗಡಿಗಳಿಗೆ ಪೈಂಟ್ ಡಬ್ಬಿ ಹಾಕಲು ಹೋದವರು ಬಂದು ಕಾಫಿ ಕುಡಿಯುತ್ತಾ ಕೇಳಿದರು, "ನಿಝಾರ್ ಲೈನೆಲ್ಲ ಹೋಯ್ತಂತೆ? ಮತ್ತೆ ಅವನು ಎಂತ ಮಾಡುದು?"

"ನನಗೇನು ಗೊತ್ತು. ಸರಿಯಾಗಿ ಕೊಟ್ಟಿದ್ರೆ ಯಾರು ತೆಗೀತಿದ್ರು?"

"ಅವನು ಗಲ್ಫಿನ ದಮಾಮಿನಿಂದ ಬಂದು ಎರಡು ವರ್ಷ ಆಯ್ತಷ್ಟೆ. ನಾನು ದುಬೈಯಿಂದ ಬಂದು ಮೂರು ವರ್ಷ ಆಯ್ತು. ಈಗಲೂ ಕೆಲವು ದಿನ ಬೆಳಿಗ್ಗೆ ಎದ್ದು ಎಲ್ಲಿದ್ದೇನೆ ಅಂತ ಯೋಚಿಸ್ತೇನೆ. ಊರಲ್ಲಿ ಬೇರು ಬಿಡುದು ಸುಲಭ ಅಲ್ಲ ಮತಿ."

ಎದ್ದು ಒಳಗೆ ಹೋದೆ. ಕತ್ತಲಾಗುವ ಮೊದಲು ಅನ್ನಕ್ಕೆ ಇಡಬೇಕಿತ್ತು.

ಆಗಸ್ಟ್ 6, ಬುಧವಾರ

ಹೊಸ ಲೈನ್ ಬಂತು. ಬಿಳಿ ಮೋಡೆಮ್, ನೀಲಿ ದೀಪ. ಹಾಕಿದ ಹುಡುಗರು ವೇಗ ತೋರಿಸಿ ಸೆಲ್ಫಿ ತೆಗೆದುಕೊಂಡು ಹೋದರು.

ಅಪ್‌ಡೇಟ್ ಒತ್ತಿದೆ.

ಅದೇ ವೇಗ.

ಇನ್ನೊಂದು ಕಂಪ್ಯೂಟರಿನಲ್ಲಿ ಒತ್ತಿದೆ. ಅದೇ. ಅಳತೆ ಬರೆಯುವ ಹಾಳೆಯಲ್ಲಿ ಬರೆದೆ. ಮೇಲಿನಿಂದ ಕೆಳಗೆ ಓದಿಕೊಂಡು ಹೋದರೆ ಲೈನ್ ಎಲ್ಲಿ ಬದಲಾಯಿತು ಎಂದು ಯಾರಿಗೂ ಹೇಳಲು ಬರುವುದಿಲ್ಲ.

ಹಾಳೆ ಮಡಚಿ ಇಟ್ಟೆ. ಹೊಸ ಲೈನ್ ಅಲ್ಲವೇ, ಕೂರಲು ಸಮಯ ಬೇಕು…

ಆಗಸ್ಟ್ 21, ಗುರುವಾರ

ಎರಡು ವಾರ ಅಪ್‌ಡೇಟ್ ಒತ್ತಲಿಲ್ಲ. ಈ ದಿನಚರಿಯನ್ನೂ ತೆರೆಯಲಿಲ್ಲ. ಬೇರೆ ಕೆಲಸ ಇತ್ತು ಎಂದು ಬರೆಯಬಹುದು. ಇರಲಿಲ್ಲ.

ಇವತ್ತು ಮಧ್ಯಾಹ್ನ ವಾಚನಾಲಯ ಖಾಲಿ. ನಾಲ್ಕನೇ ಕಂಪ್ಯೂಟರಿನ ಸೆಟ್ಟಿಂಗ್ ತೆರೆದೆ. ಅಪ್‌ಡೇಟ್ ಎಲ್ಲಿಂದ ತರಿಸಿಕೊಳ್ಳಬೇಕು ಎಂದು ತೋರಿಸುವ ಒಂದು ಸಾಲು ಅಲ್ಲಿದೆ. ಇಷ್ಟು ವರ್ಷ ಅದನ್ನು ನೋಡಿಯೇ ಇರಲಿಲ್ಲ. ಸಾಲಿನಲ್ಲಿ ಇದ್ದದ್ದು — ಯುನೈಟೆಡ್ ಅರಬ್ ಎಮಿರೇಟ್ಸ್‌ನ ಸರ್ವರ್.

ಎಂಟರಲ್ಲೂ ಅದೇ.

ಈ ಅಪ್‌ಡೇಟ್‌ಗಳು ಒಂದೇ ಕಡೆಯಿಂದ ಬರುವುದಲ್ಲ. ಬೇರೆ ಬೇರೆ ದೇಶಗಳಲ್ಲಿ ಅವುಗಳ ಪ್ರತಿ ಇಟ್ಟಿರುತ್ತಾರೆ, ಒಂದೇ ಪೇಪರ್ ಬೇರೆ ಬೇರೆ ಊರಿನಲ್ಲಿ ಅಚ್ಚಾದ ಹಾಗೆ. ಮಂಗಳೂರಿನಲ್ಲಿ ಅಚ್ಚಾದ ಬಂಡಲ್ ಬಿಟ್ಟು ದಿನಾ ದುಬೈಯ ಬಂಡಲಿಗೆ ಕಾದು ಕೂತಿದ್ದೆ. ಬಸ್ಸು ನಿಧಾನ ಎಂದು ಬಸ್ಸಿನವರನ್ನು ಬೈದೆ.

ಹೇಗೆ ಹೀಗಾಯಿತು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದು ಇವರು ದುಬೈಯಲ್ಲಿದ್ದಾಗ. ಹಾಕುವಾಗ ಒಂದು ಲೋಕದ ನಕ್ಷೆ ಬರುತ್ತದೆ. ನೀವು ಎಲ್ಲಿದ್ದೀರಿ ಎಂದು ಕೇಳುತ್ತದೆ. ನಾನು ದುಬೈ ಒತ್ತಿದೆ. ತಪ್ಪಿ ಒತ್ತಿದ್ದಲ್ಲ. ಪರದೆಯ ಮೂಲೆಯಲ್ಲಿ ಇವರ ಗಂಟೆ ಕಾಣಲಿ ಎಂದು. ಈಗ ಡ್ಯೂಟಿ ಬಿಟ್ಟಿರಬೇಕು, ಈಗ ರೂಮಿಗೆ ಬಂದಿರಬೇಕು, ಈಗ ಫೋನ್ ಬರಬಹುದು… ಗೋಡೆಯ ಗಡಿಯಾರ ನೋಡಿ ಒಂದೂವರೆ ಗಂಟೆ ಕಳೆಯುವ ಕೆಲಸ ತಪ್ಪಲಿ ಎಂದು. ಒತ್ತುವಾಗ ನಾಚಿಕೆಯಾಗಿ ಆಚೀಚೆ ನೋಡಿದ್ದೂ ನೆನಪಿದೆ.

ಇವರು ಬಂದ ದಿನ ಗಂಟೆಯನ್ನು ಊರಿನದ್ದಕ್ಕೆ ತಂದೆ. ಗಂಟೆಯನ್ನು ಮಾತ್ರ. ಆ ನಕ್ಷೆಯ ಮೇಲೆ ಒತ್ತಿದ್ದರಿಂದ ಸರ್ವರ್ ಕೂಡ ದುಬೈಯದ್ದೇ ಆಗಿ ಕೂತಿತ್ತು. ಅದನ್ನೇ ನಕಲು ತೆಗೆದು ಎಂಟಕ್ಕೆ ಹಾಕಿದ್ದು. ಚಪ್ಪಾಳೆ ಹೊಡೆಸಿಕೊಂಡದ್ದು.

ಸಾಲನ್ನು ಭಾರತಕ್ಕೆ ಬದಲಿಸಿ ಒತ್ತಿದೆ. ನೀರಿನ ಲೋಟ ಎತ್ತಿ ಇಡುವಷ್ಟರಲ್ಲಿ ಮುಗಿಯಿತು. ಒಂದು ಕ್ಷಣ ಖುಷಿಯಾಯಿತು. ಕಂಡುಹಿಡಿದೆ ಎಂದು. ಖುಷಿಯಾಯಿತಲ್ಲ, ಅದನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ಆಗಸ್ಟ್ 22, ಶುಕ್ರವಾರ

ಬೆಳಿಗ್ಗೆ ಇವರಿಗೆ ಹೇಳಿದೆ. ದೋಸೆ ತಿನ್ನುತ್ತಿದ್ದರು. ಕೈ ನಿಂತಿತು.

"ದುಬೈ ಗಂಟೆ ಇಟ್ಟಿದ್ಯಾ ನೀನು? ನನಗೆ ಹೇಳ್ಲೇ ಇಲ್ಲ."

"ಅದಲ್ಲ ಈಗ ವಿಷಯ."

"ನನಗೆ ಅದೇ ವಿಷಯ," ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಬಿಡು ಮಾರಾಯ್ತಿ. ಯಾರು ಬಂದು ನೋಡ್ತಾರೆ ಅದನ್ನು? ಸರಿಯಾಯ್ತಲ್ಲ."

ಎಂಟನ್ನೂ ಸರಿ ಮಾಡಿದೆ. ಸಂಜೆ ರವಿರಾಜಣ್ಣ ಬಂದರು. ಪ್ರಾಪ್ತಿಯ ಹಿಂದೆ ನಿಂತು ಅಪ್‌ಡೇಟ್ ಓಡುವುದನ್ನು ನೋಡಿದರು.

"ನೋಡಿದ್ಯಾ! ಲೈನ್ ಬದಲಿಸಿದ್ದಕ್ಕೆ ಸಾರ್ಥಕ ಆಯ್ತು. ನಿನ್ನ ಲೆಕ್ಕ ಅಂದ್ರೆ ಲೆಕ್ಕ."

"ಹೌದು ಅಣ್ಣ," ಅಂದೆ.

ಹೌದು ಅಂದೆ. ಗೊತ್ತಿಲ್ಲದೆ ಆಡಿದ್ದು ಒಂದು. ಇದು ಗೊತ್ತಿದ್ದು ಆಡಿದ್ದು. ಎರಡನ್ನೂ ಒಂದೇ ಪಟ್ಟಿಗೆ ಹಾಕಲಾಗದು.

ಆಗಸ್ಟ್ 30, ಶನಿವಾರ

ನಮ್ಮ ಜೈನರ ಹತ್ತು ದಿನದ ಪರ್ವ ಶುರುವಾಗಿ ಮೂರನೇ ದಿನ. ಬ್ಲೌಸ್ ಇನ್ನೂ ರಾಫಿಯಾ ಹತ್ತಿರ. ಬಸದಿಗೆ ಹಳೆಯದರಲ್ಲೇ ಹೋಗುತ್ತಿದ್ದೇನೆ. ಅವಳಾಗಿಯೇ ಫೋನ್ ಮಾಡಿದಳು: "ಮತಿಯಕ್ಕ, ಎಂತ ಬರ್ಲೇ ಇಲ್ಲ? ಆಗಿ ಹತ್ತು ದಿನ ಆಯ್ತು." ಹೋದೆ. ದಾರಿಯುದ್ದಕ್ಕೂ ನಿಝಾರ್ ಮನೆಯಲ್ಲಿ ಇರದಿರಲಿ ಎಂದುಕೊಂಡೆ. ಇರಲಿಲ್ಲ. ಫರಂಗಿಪೇಟೆಯ ಅಣ್ಣನ ಮನೆಗೆ ಹೋಗಿದ್ದರು.

ವಯರಿನ ಸುರುಳಿಗಳು ಜಗಲಿಯ ಮೂಲೆಯಲ್ಲಿ, ಮೇಲೆ ಟಾರ್ಪಾಲು. ರಾಫಿಯಾ ಬ್ಲೌಸ್ ಬಿಡಿಸಿ ತೋರಿಸಿದಳು. ತೋಳಿಗೆ ನಾನು ಹೇಳದೆ ಇದ್ದರೂ ಸೀರೆಯ ಅಂಚಿನದ್ದೇ ಪಟ್ಟಿ ಇಟ್ಟಿದ್ದಾಳೆ. ಎಲ್ಲ ಕಡೆ ಒಳಗೆ ಬಟ್ಟೆ ಬಿಟ್ಟಿದ್ದಾಳೆ.

"ಸ್ವಲ್ಪ ದಪ್ಪ ಆದ್ರೂ ಬಿಚ್ಚಿ ಹಾಕ್ಬೌದು ಅಕ್ಕ."

"ನಾನು ದಪ್ಪ ಆಗ್ತೇನೆ ಅಂತ ನಿನಗೆ ಅಷ್ಟು ಧೈರ್ಯವಾ?"

ನಕ್ಕಳು. ಚಾ ತಂದಳು. ಆಮೇಲೆ ಸೂಜಿಗೆ ದಾರ ಹಾಕುತ್ತಾ, ಮುಖ ಎತ್ತದೆ, "ನಮ್ಮವರು ಪುನಃ ಹೋಗ್ತಾರೆ ಅಕ್ಕ. ದಮಾಮಿಗೆ. ಹಳೆಯ ಕಂಪನಿಯವರೇ ಕರೆದಿದ್ದಾರೆ. ಸೆಪ್ಟೆಂಬರ್ ಇಪ್ಪತ್ತಕ್ಕೆ ಟಿಕೆಟ್."

"ಯಾಕೆ?" ಎಂದು ಕೇಳಿದೆ. ಕೇಳಿದ್ದು ನಾನೇ.

"ನಿಮ್ಮ ಬೀದಿ ಹೋದ ಮೇಲೆ ಬೇರೆಯವರೂ ಬಿಟ್ರು. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗ್ತದಲ್ಲ ಅಕ್ಕ. ಮೋಸದ ನೆಟ್ ಅಂತ ಹೆಸರಾಯ್ತು. ನೀವು ಹೇಳಿದ್ದು ಅಂತ ನನಗೆ ಬೇಜಾರಿಲ್ಲ. ನಿಮಗೆ ತೊಂದರೆ ಆಗಿತ್ತು, ಹೇಳಿದ್ರಿ. ಇವರೂ ಎಷ್ಟು ಸಲ ಕಂಬ ಹತ್ತಿ ನೋಡಿದ್ರು, ಎಲ್ಲಿ ತಪ್ಪು ಅಂತ ಸಿಗ್ಲೇ ಇಲ್ಲ."

ಇದೇ ಹೊತ್ತು. ಹೇಳಬೇಕಾದ ಹೊತ್ತು ಇದೇ ಎಂದು ಗೊತ್ತಿತ್ತು. ಬಾಯಿ ತೆರೆದೆ. ಅವಳು ಮೊಬೈಲ್ ಚಾಚಿದಳು.

"ಅಕ್ಕ, ನಿಮಗೆ ಇದೆಲ್ಲ ಗೊತ್ತುಂಟಲ್ಲ. ಇದರಲ್ಲಿ ಅಲ್ಲಿಯ ಗಂಟೆಯೂ ಕಾಣುವ ಹಾಗೆ ಮಾಡಿ ಕೊಡ್ತೀರಾ? ಕಳೆದ ಸಲ ನನಗೆ ಲೆಕ್ಕ ತಪ್ಪಿ ಅವರು ಮಲಗಿದಾಗೆಲ್ಲ ಫೋನ್ ಮಾಡ್ತಿದ್ದೆ."

ದಮಾಮ್ ಪಟ್ಟಿಯಲ್ಲಿ ಇರಲಿಲ್ಲ. ಅದೇ ದೇಶದ, ಅದೇ ಗಂಟೆಯ ರಿಯಾದ್ ಹಾಕಿದೆ. ಪರದೆಯ ಮೇಲೆ ಎರಡು ಗಂಟೆ ಅಕ್ಕಪಕ್ಕ ಬಂದವು.

"ಹಾ, ಚಂದ ಆಯ್ತು," ಅಂದಳು. ಹೊಲಿದದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಗಂಟೆ ಹಾಕಿಕೊಟ್ಟಿರಲ್ಲ, ಸರಿಯಾಯಿತು ಎಂದಳು.

ಬಸ್ಸಿನಲ್ಲಿ ಬ್ಲೌಸಿನ ಪೊಟ್ಟಣ ಮಡಿಲಲ್ಲಿ. ಸೀಟು ಖಾಲಿ ಇದ್ದರೂ ಪಕ್ಕದಲ್ಲಿ ಇಡಲಿಲ್ಲ. ಯಾಕೆ ಎಂದು ಗೊತ್ತಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಕ್ಷಮಾವಾಣಿ. ಪರ್ವ ಮುಗಿದ ಮೇಲಿನ ಈ ಒಂದು ದಿನ ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವುದು. ಮೊದಲು ಮನೆಮನೆಗೆ ಹೋಗಿ ಕೈ ಮುಗಿದು ಕೇಳುತ್ತಿದ್ದೆವು. ಈಗ ವಾಟ್ಸಾಪ್. ಕಮಲದ ಹೂವಿನ ಚಿತ್ರ, ಕೆಳಗೆ: 'ತಿಳಿದೋ ತಿಳಿಯದೆಯೋ ಮನಸ್ಸು ಮಾತು ಕಾಯದಿಂದ ಆದ ತಪ್ಪುಗಳಿಗೆ ಕ್ಷಮೆ ಇರಲಿ. ಉತ್ತಮ ಕ್ಷಮಾ.' ಕಾಂತಿಯಕ್ಕನಿಂದ ಬಂದದ್ದನ್ನು ನಾನು ಎಲ್ಲರಿಗೂ ಕಳಿಸಿದೆ. ಬಿಡಿಬಿಡಿಯಾಗಿ ಆರಿಸದೆ, ಇದ್ದವರಿಗೆಲ್ಲ.

ಆರಿಸದೆ ಎಂದದ್ದು ಸುಳ್ಳು. ನಿಝಾರ್ ಹೆಸರು ಬಂದಾಗ ಬೆರಳು ನಿಂತಿತು. ಆಮೇಲೆ ಒತ್ತಿದೆ. ಎಲ್ಲರ ಜೊತೆ ಅವರಿಗೂ ಹೋಗಲಿ, ಕೇಳಿದ ಹಾಗೂ ಆಯಿತು, ಏನೆಂದು ಹೇಳುವುದೂ ತಪ್ಪಿತು ಎಂದು.

ಬಸದಿಯಿಂದ ಬಂದು ನೋಡಿದರೆ ಉತ್ತರ ಬಂದಿತ್ತು.

'ನಿಮಗೂ ಅಕ್ಕ. ನೀವು ಎಂತ ತಪ್ಪು ಮಾಡಿದ್ದೀರಿ. ನನ್ನಿಂದಲೇ ಆದದ್ದು. ಎಷ್ಟು ನೋಡಿದ್ರೂ ನಿಮ್ಮ ನೆಟ್ ಸರಿ ಮಾಡಿ ಕೊಡ್ಲಿಕ್ಕೆ ಆಗಲಿಲ್ಲ. ಕ್ಷಮಿಸಿ.'

ಹೊಸ ಬ್ಲೌಸ್ ಬಿಚ್ಚಿಟ್ಟೆ.

ಸೆಪ್ಟೆಂಬರ್ 9, ಮಂಗಳವಾರ

ಪೇಪರಿನಲ್ಲಿ ತಪ್ಪು ಮೊದಲ ಪುಟದಲ್ಲಿ ಬಂದರೂ ತಿದ್ದುಪಡಿ ಒಳಗೆಲ್ಲೋ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಬರುತ್ತಿತ್ತು. ಅಪ್ಪ ಬಂಡಲ್ ಬಿಚ್ಚಿದ ಕೂಡಲೇ ಅದನ್ನು ಹುಡುಕಿ ಓದುತ್ತಿದ್ದರು. "ಇಷ್ಟು ಸಣ್ಣದು ಹಾಕಿದ್ರೆ ಯಾರಿಗೆ ಕಾಣ್ತದೆ?" ಎಂದು ನನಗೆ ತೋರಿಸುತ್ತಿದ್ದರು.

ಬೀದಿಯ ಗ್ರೂಪಿನಲ್ಲೇ ಹಾಕಿದೆ. ಹೀಗೆ:

'ಜುಲೈ 19ರಂದು ನಾನು ಇಲ್ಲಿ ನಿಝಾರ್ ಅವರ ಬಗ್ಗೆ ಬರೆದದ್ದು ತಪ್ಪು. ಅವರ ಲೈನ್ ಸರಿಯಾಗಿಯೇ ಇತ್ತು. ವಾಚನಾಲಯದ ಕಂಪ್ಯೂಟರುಗಳು ಅಪ್‌ಡೇಟನ್ನು ದುಬೈಯ ಸರ್ವರಿನಿಂದ ತರಿಸುತ್ತಿದ್ದವು. ಹಾಗೆ ಇಟ್ಟವಳು ನಾನು. ನಾನು ಅಳೆದದ್ದು ಅದೊಂದನ್ನೇ, ಬೇರೆ ಏನನ್ನೂ ಅಳೆದು ನೋಡಲಿಲ್ಲ. ಹೊಸ ಲೈನಿನಲ್ಲೂ ಅದೇ ನಿಧಾನ ಇತ್ತು. ಆಗಸ್ಟ್ 21ರಂದು ಕಾರಣ ತಿಳಿಯಿತು. ತಿಳಿದ ಮೇಲೂ ಇಷ್ಟು ದಿನ ಸುಮ್ಮನಿದ್ದೆ. ವಂಚನೆ ಎಂಬ ಪದ ಬಳಸಿದ್ದೆ. ಅದು ಅವರಿಗೆ ಸಲ್ಲುವುದಿಲ್ಲ. ಆ ದಿನ ಇಲ್ಲಿ ಅವರ ಜನದ ಬಗ್ಗೆ ಬಂದ ಮಾತುಗಳನ್ನು ಓದಿಯೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದೂ ತಪ್ಪು. — ಅನಂತಮತಿ.'

ಎರಡು ಸಲ ಓದಲಿಲ್ಲ. ಓದಿದ್ದರೆ ಹಾಕುತ್ತಿರಲಿಲ್ಲ. ಅದನ್ನೇ ನಿಝಾರ್‌ಗೂ ಕಳಿಸಿದೆ.

ರವಿರಾಜಣ್ಣ ಕೂಡಲೇ ಫೋನ್. "ಎಂತ ಮತಿ ಇದು? ತೆಗೆ ಅದನ್ನು. ಕಮಿಟಿಯ ಮರ್ಯಾದೆ ಎಂತ ಆಗ್ಬೇಕು? ಒಂದು ವರ್ಷಕ್ಕೆ ಸೈನ್ ಮಾಡಿ ಆಗಿದೆ."

"ಅಣ್ಣ, ತೆಗೆಯುದಿಲ್ಲ."

"ಅವನಿಗೆ ಒಬ್ಬನಿಗೆ ಫೋನ್ ಮಾಡಿ ಹೇಳಿದ್ರೆ ಸಾಕಿತ್ತಲ್ಲ ಮಾರಾಯ್ತಿ!"

"ನಾನು ಬೈದದ್ದು ಒಬ್ಬರ ಎದುರಲ್ಲ ಅಣ್ಣ."

ಇಟ್ಟರು. ಸಂಜೆಯವರೆಗೆ ಗ್ರೂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಒಂದೇ ಒಂದು ಹೆಬ್ಬೆರಳು ಬಂತು. ಇವರದ್ದು.

ನಿಝಾರ್ ಓದಿದ್ದಾರೆ. ನೀಲಿ ಗುರುತು ಬಂದಿದೆ. ಉತ್ತರ ಇಲ್ಲ. ನಿನ್ನೆ ನನ್ನಲ್ಲಿ ಕ್ಷಮೆ ಕೇಳಿದ ಮನುಷ್ಯ ಇವತ್ತು ಅದನ್ನು ಓದುವಾಗ ಏನು ಅಂದುಕೊಂಡಿರಬಹುದು…

ಸೆಪ್ಟೆಂಬರ್ 13, ಶನಿವಾರ

ವಾಚನಾಲಯಕ್ಕೆ ಬರುವವರು ಮೊದಲಿನ ಹಾಗೆಯೇ ಬರುತ್ತಾರೆ. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತದೆ, ಅಥವಾ ನನಗೆ ಹಾಗೆ ಕೇಳುತ್ತದೆ. ಪ್ರಾಪ್ತಿ ಮಾತ್ರ ನೇರವಾಗಿ ಕೇಳಿದಳು: "ಮೇಡಂ, ನಿಜವಾಗ್ಲೂ ದುಬೈಯಿಂದ ಬರ್ತಿತ್ತಾ?" ಹೌದು ಎಂದೆ. "ಅಷ್ಟು ದೂರದಿಂದ ಬಂದು ನನ್ನ ಅರ್ಜಿ ಹಾಳು ಮಾಡಿತಾ!" ನಕ್ಕಳು. ನನಗೂ ನಗು ಬಂತು. ಐದು ದಿನದಲ್ಲಿ ಮೊದಲ ಸಲ.

ಕಾಂತಿಯಕ್ಕ ಗೇಟಿನ ಹತ್ತಿರ ನಿಲ್ಲಿಸಿದರು. ಬೈಯುತ್ತಾರೆ ಅಂದುಕೊಂಡೆ.

"ಈ ಹೊಸ ಲೈನಿನವರು ನಿನ್ನೆಯಿಂದ ಫೋನ್ ಎತ್ತುದಿಲ್ಲ. ನಿಝಾರ್ ಆದ್ರೆ ಊಟಕ್ಕೆ ಕೂತವನು ಎದ್ದು ಬರ್ತಿದ್ದ. ಅವನ ನಂಬರ್ ಕೊಡು."

"ಅಕ್ಕ, ಅವರು ಇಪ್ಪತ್ತಕ್ಕೆ ಹೋಗ್ತಾರೆ."

"ಹೋಗುದನ್ನು ನಾನು ಮಾತಾಡ್ತೇನೆ. ನೀನು ನಂಬರ್ ಕೊಡು. ನೀನು ಬರೆದದ್ದು ಓದಿದೆ. ನನಗೆ ಅರ್ಧ ಅರ್ಥ ಆಗ್ಲಿಲ್ಲ, ತಪ್ಪು ನಿನ್ನದು ಅಂತ ಮಾತ್ರ ಅರ್ಥ ಆಯ್ತು."

ಕೊಟ್ಟೆ. ನಾಲ್ಕು ಮನೆಯವರು ಸೇರಿ ಮಾತಾಡುತ್ತಾರಂತೆ. ಬೀದಿಯೆಲ್ಲ ಅಲ್ಲ, ನಾಲ್ಕು ಮನೆ.

ಸೆಪ್ಟೆಂಬರ್ 18, ಗುರುವಾರ, ಮಧ್ಯಾಹ್ನ

ರಾಫಿಯಾ ಫೋನ್. ಇಷ್ಟು ದಿನದಲ್ಲಿ ಅವಳೂ ಮಾತಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ಎತ್ತಿದೆ. ಹಿಂದೆ ಹೊಲಿಗೆ ಯಂತ್ರದ ಸದ್ದು ಇರಲಿಲ್ಲ.

"ಮತಿಯಕ್ಕ. ಆ ಎರಡನೇ ಗಂಟೆ ತೆಗೆಯುದು ಹೇಗೆ?"

"ಯಾವುದು?"

"ನೀವು ಹಾಕಿಕೊಟ್ಟದ್ದುಂಟಲ್ಲ, ಅದೇ. ಟಿಕೆಟ್ ಕ್ಯಾನ್ಸಲ್ ಮಾಡಿದ್ರು. ನಾಲ್ಕು ಮನೆಯಾದ್ರೆ ನಾಲ್ಕು ಮನೆ, ಇಲ್ಲೇ ನೋಡುವ ಅಂತ. ಇನ್ನು ಅದು ಕಾಣುದು ಬೇಡ ನನಗೆ."

ಏನು ಹೇಳಿದೆನೋ ನೆನಪಿಲ್ಲ. ಒಳ್ಳೆಯದಾಯಿತು ಎಂದಿರಬೇಕು. ಅವಳೇ ಮುಂದುವರಿಸಿದಳು:

"ನಿಮ್ಮ ಮೇಲೆ ಕೋಪ ಉಂಟು ಅಕ್ಕ. ಅವರಿಗೆ ಮಾತ್ರ ಅಲ್ಲ, ನನಗೂ. ಚಾ ಕುಡಿದು, ಗಂಟೆ ಹಾಕಿಕೊಟ್ಟು ಹೋದ್ರಿ. ಆಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು ರಾಫಿಯಾ."

"ಹೂಂ. ಇವತ್ತು ಮನೆಯಲ್ಲೇ ಇದ್ದಾರೆ. ಮಾತಾಡಿಸಿದ್ರೂ ಮಾತಾಡ್ಲಿಕ್ಕಿಲ್ಲ. ಬರುದಾದ್ರೆ ಬನ್ನಿ."

ಗಂಟೆ ತೆಗೆಯುವುದು ಎರಡು ಒತ್ತಿನ ಕೆಲಸ. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಬರುತ್ತೇನೆ ಎಂದೆ.

ವಾಚನಾಲಯದ ಬೀಗದ ಕೈ ಪ್ರಾಪ್ತಿಗೆ ಕೊಟ್ಟೆ. ತೋಡಾರಿನ ಕಡೆಯ ಬಸ್ಸಿಗೆ ಇನ್ನೂ ಹೊತ್ತಿದೆ. ಎದುರು ಕೂತಾಗ ಮಾತು ಬಾರದಿದ್ದರೆ ಎಂದು ಮೊದಲ ಒಂದು ವಾಕ್ಯವನ್ನಾದರೂ ಇಲ್ಲಿ ಬರೆದುಕೊಂಡು ಹೋಗುವ ಎಂದು ಕೂತಿದ್ದೇನೆ. ಚೆನ್ನಾಗಿ ಬರಬೇಕು ಎಂದೇನಿಲ್ಲ.

ನಿಝಾರ್, ನಾನು